ಅಡ್ಡಮಳೆಯ ನಂತರದ ಜೋಳದ ಚಿಗುರು ಮತ್ತು ದನಕರುಗಳ ರಕ್ಷಣೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪ್ರಾಂತದ ಎರೆಭೂಮಿಯಲ್ಲಿ ಮಹಾಶಿವರಾತ್ರಿಯ ಸುಮಾರಿಗೆ ಹಿಂಗಾರಿ ಜೋಳದ ಸುಗ್ಗಿಯು ನಡೆದು ಹೊಲಗಳು ತೆರವಾಗುತ್ತವೆ. ದನಗಳನ್ನು ಬಿಟ್ಟು ಮೇಯಿಸುವ ಕಾಲವಿದು. ಹಸುರೆಂಬುದು ಕಣ್ಣಿಗೆ ಬೀಳುವುದೇ ಅಪರೂಪ. ಆದುದರಿಂದ ಯುಗಾದಿಯ ಹಿಂದುಮುಂದೆ ಒಂದು ಅಡ್ಡಮಳೆ ಸುರಿದು, ಕೊಯ್ದ ಜೋಳದ ಕೂಳೆಯು ಗೇಣುದ್ದ ಚಿಗುರಿದರೆ ಒಕ್ಕಲಿಗನು ಹಿಗ್ಗುವುದು ಸಹಜವೇ. ಆದರೆ ಆ ಚಿಗುರೇ ಎತ್ತಿನ ಜೋಡಿಯ ಪ್ರಾಣಕ್ಕೆ ಎರವಾಗಬಹುದೆಂಬುದನ್ನು ಗ್ರಾಮದ ಹಿರಿಯರೂ ಜಮೀನುದಾರರೂ ಲಕ್ಷ್ಯದಲ್ಲಿಡತಕ್ಕದ್ದು.

ಎಳೆಯ ಜೋಳದ ಎಲೆಯಲ್ಲಿ ಧುರಿನ್ ಎಂಬ ಪದಾರ್ಥವುಂಟು. 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ಆಂಗ್ಲ ರಸಾಯನಶಾಸ್ತ್ರಜ್ಞರು ಇದನ್ನು ಬೇರ್ಪಡಿಸಿ ತೋರಿಸಿದರು. ದನವು ಎಲೆಯನ್ನು ಅಗಿದು ನುಂಗಿದೊಡನೆ ಇದು ಒಡೆದು ಸಯನೈಡ್ ವಿಷವನ್ನು ಬಿಡುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಈ ಕ್ರಿಯೆಯು ಬಲು ಶೀಘ್ರ. ನೀರಿಲ್ಲದೆ ಕುಂಠಿತವಾದ ಪೈರಿನಲ್ಲಿಯೂ, ಒಣಗಿದ್ದ ಹೊಲದಲ್ಲಿ ಮಳೆಯ ನಂತರ ಹೊಸದಾಗಿ ಒಡೆದ ಚಿಗುರಿನಲ್ಲಿಯೂ ವಿಷವು ಅಧಿಕ. ಯೂರಿಯಾವನ್ನು ಯಥೇಚ್ಛವಾಗಿ ಹಾಕಿದ ಹೊಲವಾದರೆ ಇನ್ನಷ್ಟು. ಕುಡುಗೋಲಿನಿಂದ ಕೊಯ್ದ ಹೊಲದಲ್ಲಿ ಈ ಭಯ ಉಂಟು, ಬುಡಸಹಿತ ಕಿತ್ತ ಹೊಲದಲ್ಲಿ ಇಲ್ಲವೆನ್ನಬಹುದು. ಜೋಳವನ್ನು ಕೀಳುವ ಹಳೆಯ ಪದ್ಧತಿಯು ಈ ಒಂದು ವಿಷಯದಲ್ಲಾದರೂ ಮೇಲೇ ಸರಿ. ಆಲಮಟ್ಟಿಯ ಕಾಲುವೆಯ ನೀರು ಹಾಯುವ ಕಡೆ ಮಳೆ ಬೀಳದೆಯೂ ಕೂಳೆ ಚಿಗುರುತ್ತದೆ.

ವಿಷವೇರಿದ ದನವು ಏದುಸಿರು ಬಿಟ್ಟು, ಜೊಲ್ಲು ಸುರಿಸಿ, ತತ್ತರಿಸಿ ಬೀಳುತ್ತದೆ. ಬಾಯಿಯ ಒಳಚರ್ಮವು ಮೊದಲಿಗೆ ಕೆಂಪಗೆ ಹೊಳೆಯುವುದು ಇದರ ಗುರುತು. ಕೆಲವೊಮ್ಮೆ ಅರ್ಧ ತಾಸಿನೊಳಗೇ ಮರಣವುಂಟಾಗುತ್ತದೆ. ದೃಷ್ಟಿ ತಾಗಿತೆಂದೋ ಹುಳ ಮುಟ್ಟಿತೆಂದೋ ಕಾಲ ಕಳೆಯಕೂಡದು. ಉಳಿದ ದನಗಳನ್ನು ಒಡನೆಯೇ ಹೊಲದಿಂದ ಹೊರಡಿಸಿ, ಪಶುವೈದ್ಯರನ್ನು ಕರೆತರತಕ್ಕದ್ದು. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಎಂಬ ಔಷಧಗಳನ್ನು ಅವರು ರಕ್ತನಾಳದ ಮೂಲಕ ಕೊಡುವರು. ವೇಳೆಗೆ ದೊರೆತರೆ ದನವು ಬದುಕುವುದುಂಟು.

ಕೂಳೆಯ ಪೈರು ಬೆಳೆದು ಹೂವಾಡುವವರೆಗೆ ಅದರಲ್ಲಿ ದನ ಬಿಡಬಾರದು. ಕೊಯ್ದು ತಂದು ಹಾಕುವುದಾದರೂ ಬರಿದೇ ಬಾಡಿದರೆ ಸಾಲದು, ಬಿಸಿಲಿನಲ್ಲಿ ಪೂರ್ತಿಯಾಗಿ ಒಣಗಬೇಕು. ಹಸಿದ ದನವು ಗಬಗಬನೆ ಮೇಯುವುದರಿಂದ, ಬೆಳಿಗ್ಗೆ ಕಣಿಕೆಯನ್ನು ಹಾಕಿ ನೀರು ಕುಡಿಸಿಯೇ ಹೊರಗೆ ಹೊಡೆಯುವುದು ಲೇಸು. ಆದರೆ ಹೊಟ್ಟೆ ತುಂಬಿದ ದನಕ್ಕೆ ವಿಷ ತಾಗದೆಂದು ನಂಬತಕ್ಕದ್ದಲ್ಲ. ಕೂಳೆಯನ್ನು ಕಿತ್ತು ಹಾಕಿಸುವುದೇ ಉತ್ತಮ ಉಪಾಯ.

ದನ ಕಾಯುವ ಹುಡುಗರಿಗೆ ಹಸುರು ಕಂಡಲ್ಲಿ ಹೋಗುವುದು ರೂಢಿ. ಅಡ್ಡಮಳೆಯಾದ ಮರುದಿನವೇ ಊರಿನಲ್ಲಿ ಡಂಗುರ ಸಾರಿಸಿ, ಚಿಗುರುವ ಕೂಳೆಯ ಹೊಲಗಳಾವುವೆಂಬುದನ್ನು ಅವರಿಗೂ, ಹೊರಗಿನಿಂದ ಬಂದು ಕುರಿ ನಿಲ್ಲಿಸುವವರಿಗೂ ಕೈ ಮಾಡಿ ತೋರಿಸುವುದು ಯೋಗ್ಯ.