ಲಿನಕ್ಸ್ ಗಣಕಯಂತ್ರಗಳಲ್ಲಿ ಸಂಯೋಜನೆಗಳ ನಿರ್ವಹಣೆ: ವರ್ತಕರು ಅರಿಯಬೇಕಾದ ಅಂಶಗಳು

ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ನಿಗದಿತ ಪೀಳಿಗೆಯ ಪ್ರೊಸೆಸರೂ ಅಗತ್ಯವಾಗಿರುವುದರಿಂದ, ಸುಸ್ಥಿತಿಯಲ್ಲಿರುವ ಅನೇಕ ಹಳೆಯ ಯಂತ್ರಗಳು ಅದಕ್ಕೆ ಅರ್ಹವಾಗುವುದಿಲ್ಲ. ಚಿಂತಾಮಣಿಯ ಮಂಡಿ ವರ್ತಕರಿರಲಿ, ಶಿಡ್ಲಘಟ್ಟದ ರೇಷ್ಮೆ ರೀಲರುಗಳಿರಲಿ, ಗೌರಿಬಿದನೂರಿನ ಸಣ್ಣ ಕೈಗಾರಿಕೆಗಳಿರಲಿ, ಚಿಕ್ಕಬಳ್ಳಾಪುರದ ಹೂವು ಮತ್ತು ದ್ರಾಕ್ಷಿ ವ್ಯಾಪಾರಿಗಳಿರಲಿ, ಇಂತಹ ಯಂತ್ರವನ್ನು ಹೊಂದಿರುವವರ ಮುಂದೆ ಎರಡು ಮಾರ್ಗಗಳಿವೆ. ಹೊಸ ಯಂತ್ರಕ್ಕೆ ಬಂಡವಾಳ ಹೂಡುವುದು ಒಂದು. ಇರುವ ಯಂತ್ರದಲ್ಲಿಯೇ ಪರವಾನಗಿ ಶುಲ್ಕವಿಲ್ಲದ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸುವುದು ಇನ್ನೊಂದು.

ಎರಡನೆಯ ಮಾರ್ಗವನ್ನು ಆರಿಸಿಕೊಂಡವರಿಗೆ ತಂತ್ರಾಂಶಕ್ಕಿಂತ ಹೆಚ್ಚಾಗಿ ಸಂಯೋಜನೆಗಳೇ, ಅಂದರೆ ಸೆಟ್ಟಿಂಗ್‌ಗಳೇ, ತೊಡಕಾಗಿ ಪರಿಣಮಿಸುತ್ತವೆ. ಯಂತ್ರ ತಾನಾಗಿ ನಿದ್ರಿಸುವುದು, ಕನ್ನಡ ಕೀಲಿಮಣೆ ಮಾಯವಾಗುವುದು, ಒಬ್ಬ ಗುಮಾಸ್ತರ ಬದಲಾವಣೆಯಿಂದ ಮತ್ತೊಬ್ಬರ ಕೆಲಸ ನಿಲ್ಲುವುದು ಇತ್ಯಾದಿ ದೂರುಗಳಿಗೆ ಉತ್ತರವು ತೆರೆಯ ಹಿಂದೆ ಕಾರ್ಯನಿರ್ವಹಿಸುವ ಹಿನ್ನೆಲೆ ಸೇವೆಗಳಲ್ಲಿದೆ.

ಹಿನ್ನೆಲೆ ಸೇವೆ ಎಂದರೇನು?

ಬಳಕೆದಾರನು ಲಾಗಿನ್ ಆದೊಡನೆ ಪ್ರಾರಂಭವಾಗಿ, ಯಾವುದೇ ಕಿಟಕಿಯನ್ನು ತೆರೆಯದೆ, ಲಾಗ್ ಔಟ್ ಆಗುವವರೆಗೂ ಕೆಲಸ ಮಾಡುತ್ತಿರುವ ಕ್ರಮವಿಧಿಗೆ ಡೀಮನ್ ಎಂದು ಹೆಸರು. ಉಬುಂಟು ಬಳಸುವ ಗ್ನೋಮ್ ಪರಿಸರದಲ್ಲಿ ಇದನ್ನು ಗ್ನೋಮ್ ಸೆಟ್ಟಿಂಗ್ಸ್ ಡೀಮನ್ ಎನ್ನುವರು. ಲಿನಕ್ಸ್ ಮಿಂಟ್‌ನ ಸಿನಮನ್ ಪರಿಸರಕ್ಕೂ ಮಾಟೆ ಪರಿಸರಕ್ಕೂ ಇದೇ ಮೂಲದಿಂದ ಕವಲೊಡೆದ ಪ್ರತ್ಯೇಕ ಡೀಮನ್‌ಗಳಿವೆ. ಹಗುರವಾದ ಎಕ್ಸ್‌ಎಫ್‌ಸಿಇ ಮತ್ತು ಕೆಡಿಇ ಪರಿಸರಗಳು ತಮ್ಮದೇ ಸೇವೆಗಳನ್ನು ಹೊಂದಿವೆ.

ಲೆಕ್ಕಪತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಬಳಕೆದಾರನು ಸೆಟ್ಟಿಂಗ್ಸ್ ಪರದೆಯಲ್ಲಿ ಮಾಡುವ ಬದಲಾವಣೆಯು ವೋಚರ್ ಇದ್ದಂತೆ. ಅದು ಡಿಕಾನ್ಫ್ ಎಂಬ ದತ್ತಾಂಶ ಕಡತದಲ್ಲಿ ನಮೂದಾಗುತ್ತದೆ, ಇದೇ ಲೆಡ್ಜರ್. ನಮೂದು ಬದಲಾದ ಕ್ಷಣವೇ ಡಿ-ಬಸ್ ಎಂಬ ಆಂತರಿಕ ಸಂದೇಶ ವಾಹಿನಿಯ ಮೂಲಕ ಡೀಮನ್‌ಗೆ ಸೂಚನೆ ತಲುಪುತ್ತದೆ. ಡೀಮನ್ ಎಂಬ ಗುಮಾಸ್ತನು ಆ ನಮೂದನ್ನು ಓದಿ ಕಾರ್ಯಗತಗೊಳಿಸುತ್ತಾನೆ. 2011ರಲ್ಲಿ ಬಿಡುಗಡೆಯಾದ ಗ್ನೋಮ್ 3ರಿಂದ ಈ ಏರ್ಪಾಡು ಜಾರಿಯಲ್ಲಿದೆ.

ಈ ಹೋಲಿಕೆಯಿಂದ ಒಂದು ಮುಖ್ಯ ಅಂಶ ಸ್ಪಷ್ಟವಾಗುತ್ತದೆ. ಗುಮಾಸ್ತನು ರಜೆಯಲ್ಲಿದ್ದರೆ ಲೆಡ್ಜರ್ ನಾಶವಾಗುವುದಿಲ್ಲ. ಡೀಮನ್ ಸ್ಥಗಿತಗೊಂಡಾಗ ಅಕ್ಷರಗಳ ರೂಪ ಕೆಡಬಹುದು, ಧ್ವನಿಯ ಗುಂಡಿಗಳು ಕೆಲಸ ಮಾಡದಿರಬಹುದು. ಆದರೆ ಉಳಿಸಿದ ಸಂಯೋಜನೆಗಳೂ ವ್ಯವಹಾರದ ಕಡತಗಳೂ ಹಾಗೆಯೇ ಇರುತ್ತವೆ. ಲಾಗ್ ಔಟ್ ಆಗಿ ಮರಳಿ ಲಾಗಿನ್ ಆದರೆ ಬಹುಪಾಲು ಸಮಸ್ಯೆ ಬಗೆಹರಿಯುತ್ತದೆ. ಇಷ್ಟಕ್ಕೇ ಇಡೀ ವ್ಯವಸ್ಥೆಯನ್ನು ಅಳಿಸಿ ಪುನಃ ಸ್ಥಾಪಿಸುವಂತೆ ಸಲಹೆ ಬಂದರೆ, ಅದನ್ನು ಒಪ್ಪುವ ಮೊದಲು ಯೋಚಿಸುವುದು ಒಳಿತು.

ವ್ಯವಹಾರಕ್ಕೆ ಸಂಬಂಧಿಸಿದ ಸೇವೆಗಳು

ವಿದ್ಯುತ್ ನಿರ್ವಹಣೆ: ಗ್ನೋಮ್‌ನ ವಿದ್ಯುತ್ ಸೇವೆಯು ಬಳಕೆಯಿಲ್ಲದ ಯಂತ್ರವನ್ನು ನಿಗದಿತ ಅವಧಿಯ ನಂತರ ನಿದ್ರಾಸ್ಥಿತಿಗೆ ಒಯ್ಯಬಲ್ಲದು. ಒಂದೇ ಯಂತ್ರದಲ್ಲಿರುವ ಬಿಲ್ಲಿಂಗ್ ದತ್ತಾಂಶವನ್ನು ಜಾಲದ ಮೂಲಕ ಎರಡು ಮೂರು ಕೌಂಟರ್‌ಗಳು ಬಳಸುವ ಅಂಗಡಿಯಲ್ಲಿ, ಆ ಮುಖ್ಯ ಯಂತ್ರವು ನಿದ್ರಿಸಿದರೆ ಎಲ್ಲ ಕೌಂಟರ್‌ಗಳೂ ನಿಲ್ಲುತ್ತವೆ. ಆದುದರಿಂದ ಅಂತಹ ಯಂತ್ರದಲ್ಲಿ ಸ್ವಯಂ ನಿದ್ರೆಯನ್ನು ರದ್ದುಪಡಿಸುವುದು ಕಡ್ಡಾಯವೆಂದೇ ಹೇಳಬೇಕು. ಯುಎಸ್‌ಬಿ ತಂತಿಯಿಂದ ಜೋಡಿಸಿದ, ವ್ಯವಸ್ಥೆಯು ಗುರುತಿಸಬಲ್ಲ ಯುಪಿಎಸ್ ಇದ್ದಲ್ಲಿ ಬ್ಯಾಟರಿ ಮುಗಿಯುತ್ತಿರುವುದನ್ನು ಇದೇ ಸೇವೆ ಎಚ್ಚರಿಸುತ್ತದೆ. ದತ್ತಾಂಶ ತಂತಿಯಿಲ್ಲದ ಯುಪಿಎಸ್‌ನಲ್ಲಿ ವಿದ್ಯುತ್ ಹೋಗಿರುವ ವಿಷಯವೇ ಯಂತ್ರಕ್ಕೆ ತಿಳಿಯುವುದಿಲ್ಲ.

ದಿನಾಂಕ ಮತ್ತು ಸಮಯ: ಡೀಮನ್ ನೋಡಿಕೊಳ್ಳುವುದು ಕಾಲವಲಯವನ್ನು ಮಾತ್ರ. ಗಡಿಯಾರವನ್ನು ಅಂತರಜಾಲದ ಸಮಯಕ್ಕೆ ಸರಿಹೊಂದಿಸುವುದು ಬೇರೊಂದು ವ್ಯವಸ್ಥಾ ಸೇವೆ. ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡಿನ ಬ್ಯಾಟರಿ ಬರಿದಾದಾಗ ದಿನಾಂಕವು ಹಿಂದಕ್ಕೆ ಸರಿಯುತ್ತದೆ. ಆಗ ಇನ್‌ವಾಯ್ಸ್‌ನ ದಿನಾಂಕ ತಪ್ಪುವುದಲ್ಲದೆ, ಜಿಎಸ್‌ಟಿ ಪೋರ್ಟಲ್ ಮತ್ತು ಬ್ಯಾಂಕಿನ ಜಾಲತಾಣಗಳನ್ನು ಬ್ರೌಸರ್ ಅಸುರಕ್ಷಿತವೆಂದು ತಡೆಯುವ ಸಂಭವವೂ ಇದೆ. ಅಲ್ಪ ಬೆಲೆಯ ಬ್ಯಾಟರಿಯನ್ನು ಬದಲಾಯಿಸಿ, ಸ್ವಯಂಚಾಲಿತ ಸಮಯವನ್ನು ಚಾಲನೆಯಲ್ಲಿಡುವುದೇ ಪರಿಹಾರ.

ಕೀಲಿಮಣೆ: ಕನ್ನಡದ ಇನ್‌ಸ್ಕ್ರಿಪ್ಟ್ ಮತ್ತು ಕೆಜಿಪಿ ವಿನ್ಯಾಸಗಳೆರಡೂ ಲಿನಕ್ಸ್‌ನಲ್ಲಿ ಲಭ್ಯವಿವೆ. ಇವು ಪ್ರತಿ ಬಳಕೆದಾರನ ಪ್ರತ್ಯೇಕ ಸಂಯೋಜನೆಗಳಾದ್ದರಿಂದ, ಒಬ್ಬರ ಖಾತೆಯಲ್ಲಿ ಸೇರಿಸಿದ ಕನ್ನಡ ಮತ್ತೊಬ್ಬರ ಖಾತೆಯಲ್ಲಿ ಕಾಣಿಸದಿರುವುದು ದೋಷವಲ್ಲ.

ಉಸ್ತುವಾರಿ: ಹಾರ್ಡ್ ಡಿಸ್ಕ್ ತುಂಬುತ್ತಿರುವಾಗ ಎಚ್ಚರಿಸುವ ಹಾಗೂ ಮುದ್ರಕದ ಅಡಚಣೆಯನ್ನು ತಿಳಿಸುವ ಸೇವೆಗಳೂ ಇದರಲ್ಲಿವೆ. ಈ ಸೂಚನೆಗಳನ್ನು ಓದದೆ ಮುಚ್ಚುವ ಅಭ್ಯಾಸವನ್ನು ಬಿಡಬೇಕು.

ಮಾಲೀಕನ ಕೈಯಲ್ಲಿ ನಿಯಂತ್ರಣ

ಡಿಕಾನ್ಫ್ ವ್ಯವಸ್ಥೆಯಲ್ಲಿ ಮೌಲ್ಯಗಳಿಗೆ ಮೂರು ಸ್ತರಗಳಿವೆ: ತಂತ್ರಾಂಶದ ಮೂಲ ಮೌಲ್ಯ, ಯಂತ್ರದ ಆಡಳಿತಾಧಿಕಾರಿಯು ನಿಗದಿಪಡಿಸಿದ ಮೌಲ್ಯ, ಮತ್ತು ಬಳಕೆದಾರನ ಮೌಲ್ಯ. ಸಾಮಾನ್ಯವಾಗಿ ಬಳಕೆದಾರನದೇ ಅಂತಿಮ. ಆದರೆ ಆಡಳಿತಾಧಿಕಾರಿಯು ಆಯ್ದ ಸಂಯೋಜನೆಗಳಿಗೆ ಬೀಗ ಹಾಕಬಹುದು. ಐದು ನಿಮಿಷ ಬಳಕೆಯಿಲ್ಲದಿದ್ದರೆ ತೆರೆಯು ಲಾಕ್ ಆಗಬೇಕೆಂಬ ಮೌಲ್ಯಕ್ಕೆ ಬೀಗ ಹಾಕಿದರೆ, ಸೆಟ್ಟಿಂಗ್ಸ್ ಪರದೆಯಿಂದ ಅದನ್ನು ಬದಲಿಸಲಾಗದು. ಹಲವರು ಓಡಾಡುವ ಕೌಂಟರ್‌ನಲ್ಲಿ ಬ್ಯಾಂಕ್ ಖಾತೆ ತೆರೆದಿಟ್ಟ ಯಂತ್ರಕ್ಕೆ ಇದು ಅತ್ಯಗತ್ಯ. ಒಂದು ಯಂತ್ರದ ಸಂಯೋಜನೆಗಳನ್ನೆಲ್ಲ ಡಂಪ್ ಆದೇಶದಿಂದ ಪಠ್ಯ ಕಡತವಾಗಿ ಪಡೆದು, ಲೋಡ್ ಆದೇಶದಿಂದ ಉಳಿದ ಯಂತ್ರಗಳಿಗೆ ಅಳವಡಿಸಲೂ ಸಾಧ್ಯ.

ಮಿತಿಗಳು

ಈ ಬೀಗವು ಶಿಸ್ತಿನ ಸಾಧನವೇ ಹೊರತು ಪೂರ್ಣ ಭದ್ರತೆಯಲ್ಲ. ತಾಂತ್ರಿಕ ಜ್ಞಾನವುಳ್ಳವರು ಇದನ್ನು ಬಳಸಿ ದಾಟಬಲ್ಲರು. ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯ ಜಾಡು ದಾಖಲಾಗಬೇಕೆಂಬ ನಿಯಮವು 2023ರ ಏಪ್ರಿಲ್ 1ರಿಂದ ಅನ್ವಯವಾಗಿದ್ದು, ಆ ಹೊಣೆಯನ್ನು ಲೆಕ್ಕಪತ್ರ ತಂತ್ರಾಂಶವೇ ನಿರ್ವಹಿಸಬೇಕು. ಟ್ಯಾಲಿಯಂತಹ ತಂತ್ರಾಂಶಗಳು ವಿಂಡೋಸ್‌ಗಾಗಿ ರೂಪುಗೊಂಡಿರುವುದನ್ನೂ, ಡಿಜಿಟಲ್ ಸಹಿಯ ಟೋಕನ್‌ಗೆ ಲಿನಕ್ಸ್ ಚಾಲಕ ತಂತ್ರಾಂಶ ಬೇಕಾಗುವುದನ್ನೂ ನಿರ್ಧಾರಕ್ಕೆ ಮುನ್ನ ಪರಿಶೀಲಿಸಬೇಕು.

ಅನುಸರಿಸಬಹುದಾದ ಕ್ರಮಗಳು

1. ಮೊದಲು ಒಂದೇ ಯಂತ್ರದಲ್ಲಿ, ಹಣಕಾಸು ವರ್ಷದ ಕೊನೆಯ ದಿನಗಳನ್ನು ಬಿಟ್ಟು, ಪ್ರಾಯೋಗಿಕವಾಗಿ ಅಳವಡಿಸುವುದು.
2. ಪ್ರತಿ ನೌಕರನಿಗೂ ಪ್ರತ್ಯೇಕ ಬಳಕೆದಾರ ಖಾತೆ ನೀಡಿ, ಆಡಳಿತಾಧಿಕಾರಿಯ ಗುಪ್ತಪದವನ್ನು ಮಾಲೀಕರೇ ಇಟ್ಟುಕೊಳ್ಳುವುದು.
3. ನಿದ್ರೆ, ತೆರೆಯ ಲಾಕ್, ಸಮಯ ಮತ್ತು ಕೀಲಿಮಣೆ ಈ ನಾಲ್ಕನ್ನು ಮೊದಲ ದಿನವೇ ನಿಗದಿಪಡಿಸುವುದು.
4. ಸಂಯೋಜನೆಗಳ ಪಠ್ಯ ಕಡತವನ್ನು ಲೆಕ್ಕಪತ್ರದ ಬ್ಯಾಕಪ್‌ನೊಂದಿಗೆ ಕಾಪಾಡುವುದು.

ಹಳೆಯ ಯಂತ್ರವನ್ನು ಉಳಿಸಿಕೊಳ್ಳುವುದರಿಂದ ಆಗುವ ಉಳಿತಾಯವು ನೈಜವಾದುದೇ. ಆದರೆ ಸಂತೆಯ ದಿನ ಒಂದು ಗಂಟೆ ಬಿಲ್ಲಿಂಗ್ ನಿಂತರೆ ಆ ಉಳಿತಾಯಕ್ಕೆ ಅರ್ಥವಿರುವುದಿಲ್ಲ. ಕಣ್ಣಿಗೆ ಕಾಣದ ಈ ಸೇವೆಗಳತ್ತ ಆರಂಭದಲ್ಲಿ ಅರ್ಧ ದಿನ ಗಮನ ನೀಡುವುದು ವಿವೇಕಯುತ ವೆಚ್ಚವೆನಿಸುವುದು.