ಸೂರು ಒಂದು, ಒಲೆ ಎರಡು



ಮಸ್ಕಿಯ ಅಶೋಕನ ಶಾಸನದ ವಿಷಯ ನಿಮಗೆ ಪಾಠದಿಂದ ಗೊತ್ತಿದೆ. 1915ರಲ್ಲಿ ಅದು ಬೆಳಕಿಗೆ ಬರುವ ಮುನ್ನ ದೊರೆತಿದ್ದ ಬಂಡೆಗಲ್ಲುಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಕಾಣುತ್ತಿತ್ತು. ಆ ಬಿರುದಿನ ಅರಸ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ. ಚಕ್ರವರ್ತಿಗೂ ತಾನು ಯಾರೆಂದು ರುಜುವಾತುಪಡಿಸಲು ಒಂದು ದಾಖಲೆ ಬೇಕಾಯಿತು! ಹಾಗಿದ್ದ ಮೇಲೆ ಸಾಮಾನ್ಯ ಹೆಣ್ಣುಮಗಳೊಬ್ಬಳು ‘ನಾನು ಒಂಟಿ’ ಎಂದು ಸರ್ಕಾರಕ್ಕೆ ತೋರಿಸಿಕೊಡುವುದು ಎಷ್ಟು ಕಷ್ಟವೆಂದು ಯೋಚಿಸಿ.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಸಿಂಧನೂರಿನ ಕಡೆಯ ಒಂದು ಊರು. ನಲವತ್ತೆರಡು ವರ್ಷದ ತಾಯಿ, ನೆಲ್ಲಿನ ಗದ್ದೆಯಲ್ಲಿ ನಾಟಿ ಹಚ್ಚುವ ಕೂಲಿ. ನ್ಯಾಯಾಲಯದಲ್ಲಿ ವಿಚ್ಛೇದನವಾಗಿದೆ. ಆದರೆ ಬಾಡಿಗೆಗೆ ಹಣವಿಲ್ಲ, ತವರಿನಲ್ಲಿ ಜಾಗವಿಲ್ಲ, ಮಕ್ಕಳ ಶಾಲೆ ಇದೇ ಊರಿನಲ್ಲಿ. ಆದ್ದರಿಂದ ಎರಡು ಕೋಣೆಯ ಅದೇ ಮನೆಯಲ್ಲಿ ಹಿಂದಿನ ಕೋಣೆ ಅವಳಿಗೆ, ಮುಂದಿನದು ಅವನಿಗೆ. ಪಿಂಚಣಿ ಅರ್ಜಿಯ ವಿಚಾರಣೆಗೆ ಬಂದವರು ಕೇಳುತ್ತಾರೆ: “ಒಂದೇ ಮನ್ಯಾಗ ಇರ್ತೀರಿ, ಬಿಟ್ಟೀವಿ ಅಂದ್ರ ಹೆಂಗ ನಂಬೋದು ಯಮ್ಮ?” ಆಕೆಯ ಉತ್ತರ: “ಮನಿ ಒಂದೈತ್ರಿ, ಒಲಿ ಎರಡದಾವ್ರಿ.”

ಈ ಉತ್ತರದಲ್ಲಿ ಕಾನೂನಿನ ದೊಡ್ಡ ತತ್ವವೇ ಅಡಗಿದೆ. ಅದು ಹೇಗೆಂದು ನೋಡೋಣ.

ಯಾವ ನೆರವಿಗೆ ಯಾವ ಪುರಾವೆ?

ಕರ್ನಾಟಕ ಸರ್ಕಾರ 2013ರಲ್ಲಿ ‘ಮನಸ್ವಿನಿ’ ಯೋಜನೆಯನ್ನು ಆರಂಭಿಸಿತು. ಬಡತನ ರೇಖೆಗಿಂತ ಕೆಳಗಿರುವ, 40ರಿಂದ 64 ವರ್ಷದೊಳಗಿನ ಅವಿವಾಹಿತ ಹಾಗೂ ವಿಚ್ಛೇದಿತ ಮಹಿಳೆಯರಿಗೆ ಇದು ಮಾಸಾಶನ ಕೊಡುತ್ತದೆ. ಮೊದಲು ತಿಂಗಳಿಗೆ 500 ರೂಪಾಯಿ ಇದ್ದದ್ದು ನಂತರ 800 ರೂಪಾಯಿಗೆ ಏರಿತು. ಅರ್ಜಿಯನ್ನು ನಾಡಕಚೇರಿಯಲ್ಲಿ ಸಲ್ಲಿಸಬೇಕು. ಸ್ಥಳ ವಿಚಾರಣೆಯಾಗಿ ವರದಿ ತಹಶೀಲ್ದಾರರಿಗೆ ಹೋಗುತ್ತದೆ.

ವಿಧವೆಯ ಕೈಯಲ್ಲಿ ಗಂಡನ ಮರಣ ಪ್ರಮಾಣಪತ್ರ ಇರುತ್ತದೆ. ವಿಚ್ಛೇದಿತೆಯ ಕೈಯಲ್ಲಿ ನ್ಯಾಯಾಲಯದ ಡಿಕ್ರಿ ಇರಬೇಕು. ಮದುವೆಯೇ ಆಗದವಳ ಕೈಯಲ್ಲಿ ಏನಿರುತ್ತದೆ? ಕರ್ನಾಟಕದಲ್ಲಿ ವಿವಾಹ ನೋಂದಣಿ ಕಾಯ್ದೆ 1976ರಲ್ಲಿಯೇ ಬಂದಿದ್ದರೂ ನೋಂದಣಿಯಾಗದ ಮದುವೆಗಳು ಬಹಳ. ಆದ್ದರಿಂದ ‘ಮದುವೆಯಾಗಿಲ್ಲ’ ಎಂಬುದಕ್ಕೆ ಯಾವ ದಫ್ತರವೂ ಪೂರ್ಣ ಸಾಕ್ಷಿ ನುಡಿಯಲಾರದು. ಇದ್ದದ್ದನ್ನು ತೋರಿಸುವುದು ಸುಲಭ, ಇಲ್ಲದ್ದನ್ನು ತೋರಿಸುವುದು ಕಷ್ಟ. ಆಗ ನೆರೆಹೊರೆಯವರ ಹೇಳಿಕೆ, ಪಂಚರ ಸಮ್ಮುಖದ ಮಹಜರು ಇವುಗಳೇ ಆಧಾರ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಕಡೆ ಹಿರಿಯರನ್ನು ಕೂಡಿಸಿ, ಛಾಪಾ ಕಾಗದದ ಮೇಲೆ ‘ಸೋಡಚೀಟಿ’ ಬರೆಸಿ ಬಿಡುಗಡೆಯಾಯಿತೆಂದು ತಿಳಿಯುವವರಿದ್ದಾರೆ. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ರೂಢಿಯಿಂದ ಬಂದ ವಿಚ್ಛೇದನವನ್ನು ಒಪ್ಪುತ್ತದೆ, ನಿಜ. ಆದರೆ ಆ ಸಮುದಾಯದಲ್ಲಿ ಅಂಥ ರೂಢಿ ಉಂಟೆಂದು ಸಾಬೀತಾಗಬೇಕು. ಬರಿಯ ಛಾಪಾ ಕಾಗದ ಮದುವೆಯನ್ನು ಮುರಿಯಲಾರದು. ಗಂಡ ಬಿಟ್ಟುಹೋದ, ಆದರೆ ಡಿಕ್ರಿ ಇಲ್ಲದ ಹೆಂಗಸರು ಅತ್ತ ವಿಧವೆಯೂ ಅಲ್ಲ, ಇತ್ತ ವಿಚ್ಛೇದಿತೆಯೂ ಅಲ್ಲ ಎಂಬ ಸ್ಥಿತಿಯಲ್ಲಿ ಸಿಕ್ಕಿಬೀಳುವುದು ಇಲ್ಲಿಯೇ.

ಪಡಿತರ ಚೀಟಿಯ ತೊಡಕು

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಮಹಿಳೆಯೇ ಕುಟುಂಬದ ಮುಖ್ಯಸ್ಥೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ‘ಗೃಹಲಕ್ಷ್ಮಿ’ ಯೋಜನೆಯ 2,000 ರೂಪಾಯಿ ಈ ಮುಖ್ಯಸ್ಥೆಗೇ ಸಲ್ಲುತ್ತದೆ. ವಿಚ್ಛೇದನವಾದ ಸೊಸೆಯ ಹೆಸರು ಇನ್ನೂ ಅತ್ತೆಯ ಚೀಟಿಯಲ್ಲೇ ಉಳಿದಿದ್ದರೆ ಹಣ ಅತ್ತೆಗೆ ಹೋಗುತ್ತದೆ. ಚೀಟಿ ತನ್ನ ಹೆಸರಿನಲ್ಲೇ ಇದ್ದು, ಅದರಲ್ಲಿ ಮಾಜಿ ಗಂಡನ ಹೆಸರೂ ಇದ್ದರೆ ‘ಇವರು ಕೂಡಿಯೇ ಇದ್ದಾರೆ’ ಎಂಬ ಸಂಶಯಕ್ಕೆ ಅದೇ ಸಾಕ್ಷಿಯಾಗುತ್ತದೆ. ಡಿಕ್ರಿ ಬಂದ ಮೇಲೂ ಹಳೆಯ ಚೀಟಿಯನ್ನು ತಿದ್ದಿಸದೆ ಬಿಟ್ಟರೆ ಅವಳ ಕಾಗದವೇ ಅವಳಿಗೆ ಎದುರು ನಿಲ್ಲುತ್ತದೆ.

ಒಂದೇ ಸೂರಿನಡಿ ಬೇರೆ ಬಾಳು

ಹಾಗಾದರೆ ಒಂದೇ ಮನೆಯಲ್ಲಿದ್ದವರು ಬೇರೆಯಾಗಿದ್ದಾರೆಂದು ಹೇಳಲು ಸಾಧ್ಯವೇ? ಸಾಧ್ಯ. ಜನಗಣತಿಯಲ್ಲಿ ‘ಕುಟುಂಬ’ವನ್ನು ಗುರುತಿಸುವ ಮುಖ್ಯ ಅಳತೆ ಗೋಡೆಯಲ್ಲ, ಅಡುಗೆಮನೆ. ಒಟ್ಟಾಗಿ ವಾಸಿಸಿ ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ನಮ್ಮ ತಾಯಿ ಹೇಳಿದ ‘ಎರಡು ಒಲೆ’ ಇದೇ ಅಳತೆ.

ಸುಪ್ರೀಂ ಕೋರ್ಟು 1991ರಲ್ಲಿ ಸುರೇಷ್ಟಾ ದೇವಿ ಪ್ರಕರಣದಲ್ಲಿ ‘ಬೇರೆಯಾಗಿ ವಾಸಿಸುವುದು’ ಎಂಬ ಮಾತಿಗೆ ಅರ್ಥ ಹೇಳಿತು. ಗಂಡ ಹೆಂಡತಿಯಂತೆ ಬಾಳದಿರುವುದೇ ಅದರ ತಿರುಳು. ವಾಸದ ಸ್ಥಳ ಮುಖ್ಯವಲ್ಲ. ಪರಿಸ್ಥಿತಿಯ ಒತ್ತಡದಿಂದ ಒಂದೇ ಸೂರಿನಡಿ ಇದ್ದೂ ಬೇರೆಯಾಗಿರಬಹುದು ಎಂಬುದು ಅದರ ಸಾರಾಂಶ. ಆ ತೀರ್ಪು ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಸಂಬಂಧಿಸಿದ್ದು, ಪಿಂಚಣಿಗಲ್ಲ. ಆದರೂ ಅದರ ತರ್ಕ ನಮಗೆ ದಾರಿ ತೋರಿಸುತ್ತದೆ.

ಈ ಸಮಸ್ಯೆ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ, ಬಡ ತಾಯಿಯ ಮನೆಗೆ ಗಂಡಸೊಬ್ಬ ಬಂದುಹೋಗುತ್ತಾನೆಂಬ ಕಾರಣಕ್ಕೆ ಅವಳ ಮಕ್ಕಳ ನೆರವನ್ನೇ ನಿಲ್ಲಿಸುವ ನಿಯಮವಿತ್ತು. ಮಕ್ಕಳನ್ನು ಸಾಕುವ ಕಾನೂನಿನ ಹೊಣೆಯಿಲ್ಲದ ಗಂಡಸನ್ನು ತಂದೆಯೆಂದು ಎಣಿಸಿ ಮಕ್ಕಳ ಅನ್ನ ಕಸಿಯಲಾಗದೆಂದು ಅಲ್ಲಿನ ಸುಪ್ರೀಂ ಕೋರ್ಟು 1968ರಲ್ಲಿ ಆ ನಿಯಮವನ್ನು ತಳ್ಳಿಹಾಕಿತು. ಬ್ರಿಟನ್ನಿನಲ್ಲಿ ಒಂದೇ ಮನೆಯಲ್ಲಿರುವ ಮಾಜಿ ದಂಪತಿಗಳು ಬೇರೆ ಬೇರೆ ಅರ್ಜಿ ಹಾಕಬಹುದು. ಆದರೆ ಹಣಕಾಸು, ಮನೆಗೆಲಸ, ಮಕ್ಕಳ ಆರೈಕೆ, ಜನರ ಎದುರು ಅವರ ನಡವಳಿಕೆ ಇವೆಲ್ಲವನ್ನೂ ಒಟ್ಟಾಗಿ ತೂಗಿ ನೋಡುತ್ತಾರೆ. ಯಾವುದೋ ಒಂದೇ ಗುರುತಿನಿಂದ ತೀರ್ಮಾನಿಸುವುದಿಲ್ಲ.

ನೀವು ಮಾಡಬಹುದಾದ ಸಹಾಯ

ಹಳ್ಳಿಗಳಲ್ಲಿ ಅರ್ಜಿ ತುಂಬುವ ಕೈ ಬಹುಪಾಲು ವಿದ್ಯಾರ್ಥಿಗಳದೇ. ಆದ್ದರಿಂದ ಈ ಮಾತುಗಳನ್ನು ನೆನಪಿಡಿ. ಡಿಕ್ರಿಯ ದೃಢೀಕೃತ ನಕಲು ತೆಗೆಸಿಡಿ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕುಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿ. ಖಾತೆ ಆಕೆಯೊಬ್ಬಳ ಹೆಸರಿನಲ್ಲಿರಲಿ. ಬೇರೆ ಗ್ಯಾಸ್ ಸಂಪರ್ಕ, ಬೇರೆ ಜೆಸ್ಕಾಂ ಮೀಟರು ಇದ್ದರೆ ಅದರ ರಸೀದಿ ಸೇರಿಸಿ. ಒಂದೇ ಮನೆಯಲ್ಲಿರುವ ಸಂಗತಿಯನ್ನು ಮುಚ್ಚಿಡಬೇಡಿ. ಏಕೆ ಇರಬೇಕಾಗಿದೆ, ಅಡುಗೆ ಖರ್ಚು ಹೇಗೆ ಬೇರೆ ಎಂದು ಅರ್ಜಿಯಲ್ಲೇ ಬರೆಯಿರಿ. ಮುಚ್ಚಿಟ್ಟದ್ದು ವಿಚಾರಣೆಯಲ್ಲಿ ಹೊರಬಿದ್ದರೆ ನಿಜವೂ ಸುಳ್ಳಿನಂತೆ ಕಾಣುತ್ತದೆ. ಕೂಡಿ ಬಾಳುತ್ತಲೇ ಒಂಟಿಯೆಂದು ಸುಳ್ಳು ಪ್ರಮಾಣ ಮಾಡುವುದು ಶಿಕ್ಷಾರ್ಹ ಅಪರಾಧ ಎಂಬುದನ್ನೂ ಮರೆಯಬಾರದು.

ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಸ್ಥಳ ವಿಚಾರಣೆಯ ವರದಿಯ ನಕಲನ್ನು ಕೋರಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಅರ್ಜಿ ಶುಲ್ಕವಿಲ್ಲ, ಉತ್ತರಕ್ಕೆ 30 ದಿನಗಳ ಗಡುವು. ಡಿಕ್ರಿ ಇಲ್ಲದ ಹೆಂಗಸರಿಗೆ ಮೊದಲ ಮೆಟ್ಟಿಲು ಕಾನೂನು ಸೇವಾ ಸಮಿತಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಯಾವುದೇ ಮಹಿಳೆಗೆ, ಅವಳ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಸಹಾಯವಾಣಿ 15100. ಜೀವನಾಂಶದ ಹಕ್ಕು ಮರುಮದುವೆಯಾಗದ ವಿಚ್ಛೇದಿತೆಗೂ ಉಂಟು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿದ್ದ ಇದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ.

ಸರ್ಕಾರದ ಹಣ ಅರ್ಹರಿಗೇ ಸಲ್ಲಬೇಕು, ಅದಕ್ಕೆ ವಿಚಾರಣೆ ಬೇಕು. ಆದರೆ ಬೇರೆ ಮನೆ ಮಾಡುವ ಶಕ್ತಿಯಿಲ್ಲದಷ್ಟು ಬಡತನವೇ ನೆರವು ತಪ್ಪಿಹೋಗಲು ಕಾರಣವಾದರೆ ಯೋಜನೆಯ ಉದ್ದೇಶ ತಲೆಕೆಳಗಾದಂತೆ. 800 ರೂಪಾಯಿ ಅನೇಕರಿಗೆ ಸಣ್ಣ ಮೊತ್ತ. ಆ ತಾಯಿಗೆ ಅದು ಹಿಂದಿನ ಕೋಣೆಯ ಒಲೆ ತಿಂಗಳಿಡೀ ಉರಿಯಲು ಬೇಕಾದ ಆಸರೆ. ಮುಂದೆ ನಿಮ್ಮಲ್ಲಿ ಒಬ್ಬರು ಅರ್ಜಿ ಬರೆಯುವವರಾಗಬಹುದು, ಇನ್ನೊಬ್ಬರು ಮಹಜರು ಮಾಡುವ ಅಧಿಕಾರಿಯಾಗಬಹುದು. ಯಾರಾದರೂ ಸರಿ, ಮನೆಯ ಬಾಗಿಲು ಎಷ್ಟಿವೆ ಎಂದು ಎಣಿಸುವ ಮೊದಲು ಒಲೆ ಎಷ್ಟಿವೆ ಎಂದು ಕೇಳಿರಿ.