ಪ್ರತ್ಯೇಕ ರಾಜ್ಯ: ಮತಪೆಟ್ಟಿಗೆ ಕಾಣದ ಚರ್ಚೆ

ಬೆಳಗಾವಿಯಲ್ಲಿ ವಿಧಾನಮಂಡಲದ ಅಧಿವೇಶನ ಸಮೀಪಿಸಿತೆಂದರೆ ಉತ್ತರ ಕರ್ನಾಟಕದ ಪ್ರತ್ಯೇಕ ರಾಜ್ಯದ ಮಾತು ಎಲ್ಲಿಂದಲಾದರೂ ಕೇಳಿಬರುತ್ತದೆ. ಬಹಳ ವರ್ಷಗಳ ಕಾಲ ಅದು ಹುಕ್ಕೇರಿಯಿಂದಲೇ ಕೇಳಿಬರುತ್ತಿತ್ತು. ಆ ಕ್ಷೇತ್ರದಿಂದ ಎಂಟು ಬಾರಿ ವಿಧಾನಸಭೆಗೆ ಆಯ್ಕೆಯಾಗಿದ್ದ ಉಮೇಶ ಕತ್ತಿಯವರು ಪಕ್ಷ ಬದಲಾದರೂ, ಸಚಿವ ಸ್ಥಾನ ಬಂದರೂ ಹೋದರೂ ಈ ಬೇಡಿಕೆಯನ್ನು ಬಿಟ್ಟವರಲ್ಲ. 2022ರ ಜೂನ್‌ನಲ್ಲಿ, ಅರಣ್ಯ ಮತ್ತು ಆಹಾರ ಸಚಿವರಾಗಿದ್ದಾಗಲೇ, ಲೋಕಸಭೆ ಚುನಾವಣೆಯ ನಂತರ ದೇಶದಲ್ಲಿ ಐವತ್ತು ರಾಜ್ಯಗಳಾಗುತ್ತವೆ, ಕರ್ನಾಟಕವೂ ಎರಡಾಗುತ್ತದೆ ಎಂದು ಬೆಳಗಾವಿಯಲ್ಲಿ ಹೇಳಿದರು. ಅವರದೇ ಸರಕಾರ ಆ ಮಾತನ್ನು ತಳ್ಳಿಹಾಕಿತು. ಅದೇ ವರ್ಷ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡರು. ಬೇಡಿಕೆ ಮಾತ್ರ ಉಳಿದಿದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಯಾವುದೇ ಚಹಾ ಅಂಗಡಿಯಲ್ಲಿ ಈ ವಿಷಯ ತೆಗೆದರೆ ಪರ ಮಾತನಾಡುವವರೂ ಸಿಗುತ್ತಾರೆ, ವಿರೋಧಿಸುವವರೂ ಸಿಗುತ್ತಾರೆ. ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ: ಇದನ್ನು ತೀರ್ಮಾನಿಸುವವರು ಯಾರು? ನಮ್ಮನ್ನು ಎಂದಾದರೂ ಕೇಳುತ್ತಾರೆಯೇ?

2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನ ಜನರನ್ನು ಹೀಗೆ ಕೇಳಲಾಯಿತು. ಬ್ರಿಟನ್ನಿನಿಂದ ಬೇರೆಯಾಗಿ ಸ್ವತಂತ್ರ ದೇಶವಾಗಬೇಕೆ ಎಂಬುದು ಪ್ರಶ್ನೆ. ಮತದಾನಕ್ಕೆ ಎರಡು ವರ್ಷ ಮೊದಲೇ, 2012ರ ಅಕ್ಟೋಬರ್‌ನಲ್ಲಿ, ಎರಡೂ ಸರಕಾರಗಳು ಎಡಿನ್‌ಬರೋದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ್ದವು. ಆ ಎರಡು ವರ್ಷ ನಡೆದ ಚರ್ಚೆ ನಮ್ಮಂಥವರಿಗೆ ಬೆರಗು ಹುಟ್ಟಿಸುವಂಥದು. ಪ್ರಶ್ನೆಯ ವಾಕ್ಯದ ಮೇಲೆಯೇ ತಕರಾರು ನಡೆಯಿತು. 'ಸ್ವತಂತ್ರ ದೇಶವಾಗಬೇಕೆಂಬುದನ್ನು ನೀವು ಒಪ್ಪುತ್ತೀರಾ?' ಎಂದು ಕೇಳಿದರೆ ಜನರನ್ನು ಹೌದು ಎನ್ನುವ ಕಡೆಗೆ ವಾಲಿಸಿದಂತಾಗುತ್ತದೆ ಎಂದು ಚುನಾವಣಾ ಆಯೋಗ ಹೇಳಿತು. 'ಆಗಬೇಕೆ?' ಎಂದು ಅದನ್ನು ತಿದ್ದಲಾಯಿತು. ಬೇರೆಯಾಗಬೇಕೆಂದವರ ಸರಕಾರ 2013ರ ನವೆಂಬರ್‌ನಲ್ಲಿ ಆರುನೂರಕ್ಕೂ ಹೆಚ್ಚು ಪುಟಗಳ ಶ್ವೇತಪತ್ರ ಹೊರಡಿಸಿತು. ನಿಮ್ಮ ನಾಣ್ಯ ಯಾವುದು, ಉತ್ತರ ಸಮುದ್ರದ ತೈಲದ ಆದಾಯ ಎಷ್ಟು ದಿನ ನಿಲ್ಲುತ್ತದೆ, ಯುರೋಪ್ ಒಕ್ಕೂಟದ ಸದಸ್ಯತ್ವ ಉಳಿಯುತ್ತದೆಯೇ, ನಿವೃತ್ತಿವೇತನ ಕೊಡುವವರು ಯಾರು ಎಂದು ವಿರೋಧಿಗಳು ಒಂದೊಂದನ್ನೇ ಹಿಡಿದು ಕೇಳಿದರು. ನಾಣ್ಯದ ಪ್ರಶ್ನೆಗೆ ಗಟ್ಟಿ ಉತ್ತರ ಸಿಗದಿದ್ದುದೇ ಸ್ವಾತಂತ್ರ್ಯವಾದಿಗಳಿಗೆ ದೊಡ್ಡ ತೊಡಕಾಯಿತು. ಹದಿನಾರು ತುಂಬಿದವರಿಗೂ ಮತದ ಹಕ್ಕು ಇತ್ತು. ನೂರಕ್ಕೆ 84.6ರಷ್ಟು ಜನ ಮತ ಹಾಕಿದರು. ಬೇಡ ಎಂದವರು 55.3, ಬೇಕು ಎಂದವರು 44.7.

ಅಲ್ಲಿಯೂ ಜನ ತಮಗೆ ಬೇಕಾದಾಗ ಬೇಕಾದಂತೆ ಮತಕ್ಕೆ ಹಾಕಿಕೊಳ್ಳುವ ಹಾಗಿಲ್ಲ. 1979ರಲ್ಲಿ ಪ್ರತ್ಯೇಕ ಶಾಸನಸಭೆಯ ಪರವಾಗಿ ಶೇ 51.6 ಮತ ಬಿದ್ದಿದ್ದರೂ, ಒಟ್ಟು ಮತದಾರರಲ್ಲಿ ನಲವತ್ತು ಪಾಲು ಬೆಂಬಲ ಬೇಕೆಂಬ ನಿಬಂಧನೆಯಿಂದ ಅದು ಬಿದ್ದುಹೋಯಿತು. ಲಂಡನ್ನಿನ ಒಪ್ಪಿಗೆಯಿಲ್ಲದೆ ಇನ್ನೊಂದು ಜನಮತ ನಡೆಸುವಂತಿಲ್ಲ ಎಂದು 2022ರ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಇಂಥ ಮತದಾನ ನಮ್ಮ ದೇಶದಲ್ಲಿ ನಡೆದೇ ಇಲ್ಲವೆಂದು ತಿಳಿಯಬೇಕಿಲ್ಲ. ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಗೋವಾದಲ್ಲೇ ನಡೆದಿದೆ. 1961ರ ಡಿಸೆಂಬರ್‌ನಲ್ಲಿ ಪೋರ್ಚುಗೀಸರಿಂದ ಬಿಡುಗಡೆಯಾದ ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೋ ಎಂಬ ಜಗಳ ಐದು ವರ್ಷ ಎಳೆಯಿತು. ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಮತ್ತು ಅವರ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷದವರದು ವಿಲೀನವಾದ. ವಿರೋಧದ ಮುಂದಾಳು ಯುನೈಟೆಡ್ ಗೋವನ್ಸ್ ಪಕ್ಷದ ಜಾಕ್ ಡಿ ಸಿಕ್ವೇರಾ. ಪಾರ್ಲಿಮೆಂಟು ಇದಕ್ಕೆಂದೇ 1966ರಲ್ಲಿ ಕಾನೂನು ಮಾಡಿತು. ಅಧಿಕಾರದಲ್ಲಿದ್ದುಕೊಂಡು ಮತದಾನ ನಡೆಸಿದರೆ ನ್ಯಾಯವಾಗದು ಎಂಬ ಆಕ್ಷೇಪ ಬಂದಾಗ ಬಾಂದೋಡ್ಕರ್ ಸರಕಾರ ರಾಜೀನಾಮೆ ಕೊಟ್ಟಿತು. ಇಂದಿನ ರಾಜಕಾರಣ ನೋಡಿದವರಿಗೆ ಇದು ನಂಬಲು ಕಷ್ಟವಾದೀತು.

ಗೋವಾದ ಚರ್ಚೆಯ ಹೂರಣ ಭಾಷೆ. ಕೊಂಕಣಿ ಸ್ವತಂತ್ರ ಭಾಷೆಯೋ, ಮರಾಠಿಯ ಒಂದು ಉಪಭಾಷೆಯೋ? ಉಪಭಾಷೆ ಎನ್ನುವುದಾದರೆ ಪ್ರತ್ಯೇಕವಾಗಿರಲು ಕಾರಣವೇನು? ಇಲ್ಲಿ ಒಂದು ಸ್ವಾರಸ್ಯವಿದೆ. ವಿಲೀನವನ್ನು ಅತ್ಯಂತ ಪರಿಣಾಮಕಾರಿಯಾಗಿ ವಿರೋಧಿಸಿದ ಪತ್ರಿಕೆ 'ರಾಷ್ಟ್ರಮತ' ಮರಾಠಿಯದು. ಮರಾಠಿ ಓದುವ ಹಿಂದೂಗಳನ್ನು ಒಲಿಸಬೇಕಾದರೆ ಮರಾಠಿಯಲ್ಲಿಯೇ ವಾದಿಸಬೇಕು ಎಂಬುದನ್ನು ಕೊಂಕಣಿಯ ಅಭಿಮಾನಿಗಳು ಚೆನ್ನಾಗಿ ಅರಿತಿದ್ದರು. ಅದರಲ್ಲಿ ಉದಯ ಭೆಂಬ್ರೆಯವರು ಬರೆಯುತ್ತಿದ್ದ 'ಬ್ರಹ್ಮಾಸ್ತ್ರ' ಅಂಕಣಕ್ಕೆ ಜನ ಕಾಯುತ್ತಿದ್ದರು. ಉಲ್ಹಾಸ ಬುಯಾಂವ್ ಊರೂರಿನಲ್ಲಿ ಕೊಂಕಣಿ ಹಾಡು ಹಾಡಿದರು. ಬೊಂಬಾಯಿಯಲ್ಲಿ ನೆಲೆಸಿದ ಗೋವನ್ನರಿಗೂ ಮತ ಕೊಡಬೇಕೆಂಬ ಬೇಡಿಕೆ ಬಂತಾದರೂ ಅದು ಈಡೇರಲಿಲ್ಲ. ವಿಲೀನಕ್ಕೆ ಹೂವಿನ ಗುರುತು, ಪ್ರತ್ಯೇಕತೆಗೆ ಎರಡು ಎಲೆಯ ಗುರುತು. 1967ರ ಜನವರಿ 16ರಂದು ಮತದಾನ ನಡೆದು, ಎಣಿಸಿದಾಗ ಎಲೆಗೆ 1,72,191, ಹೂವಿಗೆ 1,38,170. ಅಂತರ 34,021. ಇಷ್ಟಾದರೂ ಎರಡೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಅದೇ ಜನ ಬಾಂದೋಡ್ಕರರನ್ನೇ ಗೆಲ್ಲಿಸಿ ಮತ್ತೆ ಮುಖ್ಯಮಂತ್ರಿ ಮಾಡಿದರು! ಮುಂದಾಳು ಬೇಕು, ಆತನ ಮುಖ್ಯ ಬೇಡಿಕೆ ಬೇಡ ಎಂದು ಮತದಾರರು ಬಿಡಿಸಿ ಹೇಳಲು ಸಾಧ್ಯವಾದದ್ದು ಎರಡು ಪ್ರಶ್ನೆಗಳನ್ನು ಎರಡು ಬಾರಿ ಬೇರೆಬೇರೆಯಾಗಿ ಕೇಳಿದ್ದರಿಂದ.

ಅದೇ ಕಾಲಕ್ಕೆ ಘಟ್ಟದ ಮೇಲೆ ಬೆಳಗಾವಿಯ ಪ್ರಶ್ನೆಯೂ ಕುದಿಯುತ್ತಿತ್ತು. ಇಲ್ಲಿ ಜನಮತ ನಡೆಯಲಿಲ್ಲ. 1966ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಆಯೋಗ ನೇಮಕವಾಯಿತು. ಅದು ಮರುವರ್ಷ ವರದಿ ಕೊಟ್ಟು, 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ 247 ಹಳ್ಳಿಗಳನ್ನು ನಮ್ಮ ರಾಜ್ಯಕ್ಕೂ ಕೊಡಬೇಕು, ಬೆಳಗಾವಿ ಇಲ್ಲಿಯೇ ಉಳಿಯಬೇಕು ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಗಡಿಭಾಗದ ಪ್ರತಿ ಚುನಾವಣೆಯನ್ನೂ ಜನಮತವೆಂದೇ ಬಿಂಬಿಸುತ್ತ ಬಂದರು. 2018 ಮತ್ತು 2023ರ ವಿಧಾನಸಭೆ ಚುನಾವಣೆಗಳಲ್ಲಿ ಅವರ ಒಬ್ಬ ಅಭ್ಯರ್ಥಿಯೂ ಗೆಲ್ಲಲಿಲ್ಲ. ಆಗ ಅದನ್ನು ಜನಮತ ಎಂದು ಅವರು ಕರೆಯಲಿಲ್ಲ.

ನಮ್ಮ ದೇಶದಲ್ಲಿ ಗಡಿ ಎಳೆಯುವ ಪದ್ಧತಿ ಬೇರೆಯದು. ಅರ್ಜಿ ಕೊಡುವುದು, ಆಯೋಗ ಬರುವುದು, ವರದಿಯಾಗುವುದು. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗಕ್ಕೆ ಬಂದ ಕಾಗದಪತ್ರಗಳ ಸಂಖ್ಯೆ 1,52,250. ಆಯೋಗ 104 ಊರುಗಳಿಗೆ ಹೋಗಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮಾತು ಕೇಳಿತು. 1955ರ ಸೆಪ್ಟೆಂಬರ್ 30ರಂದು ಅದು ಕೊಟ್ಟ ವರದಿಯ ಮೇಲೆಯೇ 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಆ ಚರ್ಚೆ ಸಣ್ಣದಾಗಿರಲಿಲ್ಲ. ಮುಂಬಯಿ ಪ್ರಾಂತದಲ್ಲಿದ್ದ ಈ ಕಡೆಯವರಿಗೆ ಏಕೀಕರಣ ಪ್ರಾಣದ ಪ್ರಶ್ನೆ. 1953ರಲ್ಲಿ ಅದರಗುಂಚಿಯ ಶಂಕರಗೌಡರು ಅದಕ್ಕಾಗಿ ಉಪವಾಸ ಕುಳಿತಿದ್ದರು. ಹಳೆ ಮೈಸೂರಿನಲ್ಲಿಯಾದರೋ ಮುಂದುವರಿದ ನಮ್ಮ ಸಂಸ್ಥಾನಕ್ಕೆ ಹಿಂದುಳಿದ ಪ್ರದೇಶಗಳ ಹೊರೆ ಯಾಕೆ ಎಂಬ ಹಿಂಜರಿಕೆ ಬಲವಾಗಿತ್ತು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮ ಕಡೆಯ ಅನೇಕರ ವಿರೋಧ ಕಟ್ಟಿಕೊಂಡೇ ಏಕೀಕರಣದ ಪರ ನಿಂತರು. ಅಂದು ಒಂದಾಗಲು ಹಂಬಲಿಸಿದ ಕಡೆಯಿಂದಲೇ ಇಂದು ಬೇರೆಯಾಗುವ ಮಾತು ಬರುತ್ತಿದೆ ಎಂಬುದನ್ನು ಬೆಂಗಳೂರಿನವರು ಸ್ವಲ್ಪ ನಿಧಾನವಾಗಿ ಯೋಚಿಸಬೇಕು.

ಕಾರಣಗಳು ಗುಟ್ಟಿನವಲ್ಲ. ಹುಕ್ಕೇರಿಯಿಂದ ರಾಜಧಾನಿ ಐದುನೂರು ಕಿಲೋಮೀಟರಿಗೂ ದೂರ. 2008ರಲ್ಲಿ ಧಾರವಾಡ ಮತ್ತು ಕಲಬುರ್ಗಿಗಳಲ್ಲಿ ಸಂಚಾರಿ ಪೀಠ ಆರಂಭವಾಗುವವರೆಗೆ ಹೈಕೋರ್ಟಿನಲ್ಲಿ ಒಂದು ಮೇಲ್ಮನವಿಗೂ ಬೆಂಗಳೂರಿನ ಬಸ್ಸು ಹತ್ತಬೇಕಿತ್ತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 59 ಉತ್ತರ ಕರ್ನಾಟಕದವು. ಎಂಟು ವರ್ಷಗಳಲ್ಲಿ 31 ಸಾವಿರ ಕೋಟಿ ರೂಪಾಯಿ ಖರ್ಚು ಮಾಡಬೇಕೆಂದು ಸಮಿತಿ ಹೇಳಿತ್ತು. ಆದರೆ ಉಳಿದ 55 ಹಿಂದುಳಿದ ತಾಲ್ಲೂಕುಗಳು ದಕ್ಷಿಣದಲ್ಲಿದ್ದವು ಎಂಬುದನ್ನು ವೇದಿಕೆಯ ಮೇಲೆ ನಿಂತವರು ಹೇಳುವುದು ಕಡಿಮೆ. ವೈಜನಾಥ ಪಾಟೀಲರಂಥವರ ಹೋರಾಟದಿಂದ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371 ಜೆ ಕಲಂ ದೊರಕಿತು. ಬೆಳಗಾವಿ ಭಾಗಕ್ಕೆ ಅದು ಅನ್ವಯಿಸುವುದಿಲ್ಲ. 2012ರಲ್ಲಿ ಸುವರ್ಣ ವಿಧಾನಸೌಧ ಬಂತು. ವರ್ಷದ ಬಹುಭಾಗ ಅದರಲ್ಲಿ ಸದನ ಸೇರುವುದಿಲ್ಲ.

ಇನ್ನು ಸ್ಕಾಟ್ಲೆಂಡಿನವರು ಕೇಳಿದಂಥ ಪ್ರಶ್ನೆಗಳನ್ನು ಇಲ್ಲಿ ಕೇಳಿದರೆ? ರಾಜ್ಯದ ತೆರಿಗೆಯ ದೊಡ್ಡ ಪಾಲು ಬೆಂಗಳೂರಿನಿಂದ ಬರುತ್ತದೆ. ಅದು ಇಲ್ಲದ ರಾಜ್ಯದ ಬಜೆಟ್ ಹೇಗಿರುತ್ತದೆ? ರಾಜಧಾನಿ ಬೆಳಗಾವಿಯೋ, ಹುಬ್ಬಳ್ಳಿ-ಧಾರವಾಡವೋ, ಕಲಬುರ್ಗಿಯೋ? ಬೀದರಿನವನಿಗೆ ಬೆಳಗಾವಿ ಹತ್ತಿರವೇನೂ ಅಲ್ಲ. ಗಡಿ ವ್ಯಾಜ್ಯದಲ್ಲಿ ಮಹಾರಾಷ್ಟ್ರದ ಎದುರು ವಾದಿಸಲು ಸಣ್ಣ ರಾಜ್ಯಕ್ಕೆ ಎಷ್ಟು ಬಲವಿದ್ದೀತು? ಎಲ್ಲಕ್ಕಿಂತ ಜಟಿಲವಾದದ್ದು ನೀರು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟಿನಲ್ಲಿ ನಿಲ್ಲುವುದು ಘಟಪ್ರಭೆಯ ನೀರು, ಅಂದರೆ ಕೃಷ್ಣೆಯ ಪಾಲು. ಆ ಪಾಲು ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟದ್ದು. ಆಂಧ್ರ ಒಡೆದ ಮೇಲೆ ಕೃಷ್ಣೆಯ ಹಂಚಿಕೆ ಮತ್ತೆ ಕೆದಕಿಕೊಂಡಿತು. 2023ರಲ್ಲಿ ಕೇಂದ್ರ ಸರಕಾರ ನ್ಯಾಯಮಂಡಳಿಗೆ ಹೊಸ ವಿಚಾರಣಾ ವಿಷಯಗಳನ್ನೇ ಒಪ್ಪಿಸಿತು. ತುಂಗಭದ್ರೆಯ ಮೇಲ್ದಂಡೆ ದಕ್ಷಿಣಕ್ಕೆ ಹೋದರೆ ನಾವು ಯಾರ ಕೂಡ ವ್ಯಾಜ್ಯ ಹೂಡಬೇಕು?

ಈ ಪ್ರಶ್ನೆಗಳಿಗೆ ಉತ್ತರವೇ ಇಲ್ಲವೆಂದಲ್ಲ. ಆದರೆ ಉತ್ತರಿಸುವ ಅಗತ್ಯ ಯಾರಿಗೂ ಬಿದ್ದಿಲ್ಲ. ಮತಕ್ಕೆ ಹೋಗದ ಬೇಡಿಕೆ ಅನುದಾನಕ್ಕೆ ಒತ್ತಡ ಹಾಕಲು ಒದಗುತ್ತದೆ, ಸಂಪುಟದಲ್ಲಿ ಸ್ಥಾನ ಸಿಗದಾಗ ನೆನಪಾಗುತ್ತದೆ. 2018ರ ಬಜೆಟ್ ಮೈಸೂರು ಕಡೆಯ ಜಿಲ್ಲೆಗಳಿಗೇ ಹೆಚ್ಚು ಕೊಟ್ಟಿತೆಂಬ ಸಿಟ್ಟಿನಲ್ಲಿ ಆಗಸ್ಟ್ 2ರಂದು ಪ್ರತ್ಯೇಕ ರಾಜ್ಯಕ್ಕಾಗಿ ಬಂದ್‌ಗೆ ಕರೆ ಬಂತು. ಹೆಚ್ಚಿನ ಊರುಗಳಲ್ಲಿ ಪ್ರತಿಕ್ರಿಯೆ ನೀರಸವಾಗಿತ್ತು. ಅದನ್ನು ಜನರ 'ಬೇಡ' ಎಂದು ಓದಬೇಕೋ, ಬಂದ್‌ಗಳ ಬೇಸರವೆಂದು ಓದಬೇಕೋ ಹೇಳುವುದು ಕಷ್ಟ.

ಮೇಲಿನ ಮಟ್ಟದಲ್ಲಷ್ಟೇ ಹೀಗೆ ಎಂದೂ ಹೇಳಲಾಗದು. ಬೆಳಗಾವಿ ಜಿಲ್ಲೆಯನ್ನು ಒಡೆದು ಚಿಕ್ಕೋಡಿ, ಗೋಕಾಕ ಜಿಲ್ಲೆಗಳನ್ನು ಮಾಡಬೇಕೆಂಬ ಬೇಡಿಕೆ ದಶಕಗಳದು. 1997ರಲ್ಲಿ ಜೆ.ಎಚ್. ಪಟೇಲರ ಸರಕಾರ ಅದಕ್ಕೆ ಮುಂದಾಗಿ, ವಿರೋಧ ಬಂದೊಡನೆ ಹಿಂದೆ ಸರಿಯಿತು. ಜಿಲ್ಲೆ ಒಡೆದರೆ ಉಳಿದ ಬೆಳಗಾವಿಯಲ್ಲಿ ಮರಾಠಿಗರ ಪ್ರಾಬಲ್ಯ ಹೆಚ್ಚೀತೆಂಬುದು ಕನ್ನಡ ಸಂಘಟನೆಗಳ ಭಯ. ಗೋಕಾಕದಿಂದ ಒಡೆದು ಮೂಡಲಗಿ ತಾಲ್ಲೂಕಾಯಿತು. ಪಾರಿಜಾತದ ನಿಂಗಮ್ಮನಿಂದ ಹೆಸರಾದ ಕೌಜಲಗಿಯವರು ತಮ್ಮ ಊರೂ ತಾಲ್ಲೂಕು ಕೇಂದ್ರವಾಗಲೆಂದು ಮನವಿ ಕೊಡುತ್ತಲೇ ಇದ್ದಾರೆ. ಇಲ್ಲೆಲ್ಲೂ ಮತಪೆಟ್ಟಿಗೆ ಬಂದಿಲ್ಲ.

ಸಂವಿಧಾನದ ಮೂರನೆಯ ಕಲಮಿನ ಪ್ರಕಾರ ಹೊಸ ರಾಜ್ಯ ಮಾಡುವ ಅಧಿಕಾರ ಪಾರ್ಲಿಮೆಂಟಿನದು. ರಾಷ್ಟ್ರಪತಿಗಳು ಮಸೂದೆಯನ್ನು ರಾಜ್ಯದ ಶಾಸನಸಭೆಗೆ ಕಳಿಸಿ ಅಭಿಪ್ರಾಯ ಕೇಳಬೇಕು. ಆ ಅಭಿಪ್ರಾಯವನ್ನು ಒಪ್ಪಲೇಬೇಕೆಂಬ ಕಟ್ಟಳೆಯಿಲ್ಲ. ಸ್ಕಾಟ್ಲೆಂಡ್ ಮತ ಹಾಕಿದ 2014ರಲ್ಲಿಯೇ ನಮ್ಮ ಪಕ್ಕದಲ್ಲಿ ಇದು ನಡೆದುಹೋಯಿತು. ಜನವರಿ 30ರಂದು ಆಂಧ್ರ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿತು. ಫೆಬ್ರುವರಿಯಲ್ಲಿ ಪಾರ್ಲಿಮೆಂಟು ಅದನ್ನು ಅಂಗೀಕರಿಸಿತು. ಜೂನ್ 2ರಂದು ಬೀದರ್, ಕಲಬುರ್ಗಿ, ಯಾದಗಿರಿ, ರಾಯಚೂರು ಜಿಲ್ಲೆಗಳ ಗಡಿಯಾಚೆ ತೆಲಂಗಾಣವಿತ್ತು.